ತೋಟಾದ ಹೊದಿಕೆ

ನಾವು ಲಾವಣಿ ಹಾಡೋರು ಗುಂಡಿನ ಸಪ್ಪಳ ಹಾಡತೀವಿ, ಸತ್ತ ವೀರರನ್ನ ಹಾಡತೀವಿ. ಮದ್ದು, ಗುಂಡು ಎರಡನ್ನೂ ಹಿಡಕೊಂಡಿರೋ ಹೊದಿಕೆಯನ್ನು ಮಾತ್ರ ಯಾರೂ ಹಾಡೂದಿಲ್ಲ. ಆದರೆ ದೈವದವರೇ, ದೊಡ್ಡ ದೊಡ್ಡ ಗದ್ದಲ ಆ ಹೊದಿಕೆಯಿಂದಲೇ ಆಗ್ಯಾವ.

ಮೊದಲಿಗೆ ಬಂದೂಕಿನ ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಹಾಕಿ, ಗಜದಿಂದ ಜಡಿಯಬೇಕಾಗಿತ್ತು. ಸಿಪಾಯಿಗಳಿಗೆ ಸರಳ ಆಗಲಿ ಅಂತ ಒಂದು ಸಲಕ್ಕೆ ಬೇಕಾದಷ್ಟನ್ನು ಕಾಗದದಲ್ಲಿ ಸುತ್ತಿ ಕೊಡತಿದ್ರು. ಅದೇ ತೋಟಾ. ಎನ್‌ಫೀಲ್ಡ್ ಬಂದೂಕಿನ ತೋಟಾಕ್ಕೆ ಜಿಡ್ಡು ಸವರಿದ್ದರು. ಅದನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕು. ಜಿಡ್ಡು ಆಕಳದ್ದು, ಹಂದೀದು ಅನ್ನೋ ಮಾತು 1857ರ ಜನವರಿಯಲ್ಲಿ ಕಲಕತ್ತೆ ಹತ್ತಿರದ ಡಮ್‌ಡಮ್‌ನಿಂದ ಹಬ್ಬಿತು. ಏಪ್ರಿಲ್ 24ರಂದು ಮೀರತ್‌ನಲ್ಲಿ 90 ಮಂದಿಯಲ್ಲಿ 85 ಮಂದಿ ತೋಟಾ ಮುಟ್ಟಲಿಲ್ಲ. ಅವತ್ತು ಕೊಟ್ಟಿದ್ದು ಹಳೇ ತೋಟಾನೇ. ಆದರೂ ನಂಬಿಕೆ ಹೋಗಿಬಿಟ್ಟಿತ್ತು. ಅವರಿಗೆ ಬೇಡಿ ಹಾಕಿದ ಮರುದಿನ, ಮೇ 10ಕ್ಕೆ, ದಂಗೆ ಎದ್ದಿತು.

ಅದೇ ವರ್ಷ ಸರಕಾರ ಜನರ ಹತಾರ ಕಸಕೊಳ್ಳೋ ಕಾಯ್ದೆ ಮಾಡಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡಲಿಲ್ಲ. ನವೆಂಬರಿನಲ್ಲಿ ದಂಡು ಬಂದು ಊರು ಸುಟ್ಟಿತು. ಆ ಲಾವಣಿಯನ್ನು ಫ್ಲೀಟ್ ಸಾಹೇಬರು ಮುಂದೆ ಅಚ್ಚು ಹಾಕಿಸಿದರು.

ಮುಂದೆ ಕಾಗದ ಹೋಗಿ ಲೋಹದ ಹೊದಿಕೆ ಬಂತು. 1860ರ ದಶಕದಲ್ಲಿ ಇಂಗ್ಲೆಂಡಿನ ಬಾಕ್ಸರ್ ಹಿತ್ತಾಳೆಯದು ಮಾಡಿದ. ಅಮೆರಿಕದ ದಂಡಿನವರು ತಾಮ್ರದ್ದು ಇಟ್ಟುಕೊಂಡರು. ತೊಗಲಿನ ಪಟ್ಟಿಯಲ್ಲಿ ತಾಮ್ರ ಕಿಲುಬು ಹಿಡಿಯೋದು ನಮ್ಮ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. 1876ರ ಜೂನ್ 25ರಂದು ಲಿಟಲ್ ಬಿಗ್‌ಹಾರ್ನ್ ಹೊಳಿ ದಂಡಿಮ್ಯಾಲೆ ಅಲ್ಲಿಯ ಮೂಲನಿವಾಸಿಗಳಾದ ಲಕೋಟಾ, ಶೈಯೆನ್ ಜನರ ಮುಂದೆ ಕಸ್ಟರ್‌ನ ದಂಡು ನಾಶವಾಯಿತು. ಆ ಕಾಳಗದಲ್ಲಿ ಕೆಲವರ ಬಂದೂಕಿನೊಳಗೆ ಸುಟ್ಟ ತೋಟಾ ಸಿಕ್ಕಿಬಿದ್ದು, ಚೂರಿಯಿಂದ ಕೀಳಬೇಕಾಯಿತು. ಸೋಲಿಗೆ ಅದೊಂದೇ ಕಾರಣ ಅಲ್ಲ. ಆದರೂ ಮುಂದೆ ಅವರೂ ಹಿತ್ತಾಳೆಗೇ ಬಂದರು.

ಅದೇ ಕಾಲಕ್ಕೆ ಅದೇ ಬಯಲಿನಲ್ಲಿ ಕಾಡುಕೋಣ ಬೇಟೆ ಆಡೋರು ಖಾಲಿ ಹೊದಿಕೆ ಬಿಸಾಡತಿರಲಿಲ್ಲ. ಪೇಟೆ ದೂರ, ತೋಟಾ ತುಟ್ಟಿ. ಬಿಡಾರದಲ್ಲಿ ಕುಂತು ಮಸಿ ತೊಳೆದು ಒಣಗಿಸೋರು, ಸೀಳು ಬಿಟ್ಟದ್ದನ್ನು ತೆಗೆದು ಒಗೆಯೋರು, ಉಳಿದದ್ದನ್ನು ಮತ್ತೆ ತುಂಬೋರು. 1884ರ ಸುಮಾರಿಗೆ ಬಾರ್ಲೋ ಅನ್ನೋನು ಇದಕ್ಕಂತಲೇ ಇಕ್ಕಳದಂಥ ಕೈಸಾಮಾನು ಮಾಡಿ ಮಾರಿದ.

1880ರ ದಶಕದಲ್ಲಿ ಫ್ರಾನ್ಸಿನ ವಿಯೇಯ್ ಹೊಗೆ ಇಲ್ಲದ ಮದ್ದು ಕಂಡುಹಿಡಿದ. ಅದು ಸ್ವಲ್ಪದರಲ್ಲೇ ಭಾಳ ಜೋರು. ಮನಿಯೊಳಗೆ ತುಂಬೋನು ಮಾತಾಡತಾ ಮೈಮರೆತು ಒಂದೇ ಹೊದಿಕೆಗೆ ಎರಡು ಸಲ ಹಾಕಿದರೂ ಹೊರಗೆ ಗೊತ್ತಾಗೂದಿಲ್ಲ. ನಳಿಗೆ ಒಡೆದು ಸುಟ್ಟೋನ ಕೈ ಕಣ್ಣೇ ಹೋಗತಾವ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡೂದು, ದೀಪ ಚಿಲುಮೆ ದೂರ ಇಡೂದು, ಕೆಲಸದಾಗ ಹರಟೆ ಹೊಡೀದೇ ಇರೂದು: ಈ ರೂಢಿ ಅವರ ಜೀವ ಕಾದವು.

ನಮ್ಮಲ್ಲಿ 1959ರ ಹತಾರ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ತೋಟಾ ತಯಾರಿಸೋದು ಅಪರಾಧ. ಅದು ಸರೀನೂ ಹೌದು. ಈ ಕಥಿ ತುಂಬೂದು ಕಲಿಸಾಕ ಬರದದ್ದಲ್ಲ. ಬೇಟೆಗಾರ ಖಾಲಿ ಹೊದಿಕೆಯನ್ನು ತಿರುವಿ ನೋಡಿದಷ್ಟು ಕಾಳಜಿಯಿಂದ ಕಂಪನಿಯವರು ಸಿಪಾಯಿಯ ಮನಸ್ಸು ನೋಡಲಿಲ್ಲ. ಅದರ ಬೆಲೆ ತೆತ್ತವರಲ್ಲಿ ಹಲಗಲಿಯ ಬೇಡರೂ ಒಬ್ಬರು.