ವರ್ತನಾ ಚಿಕಿತ್ಸೆಯ ವೃತ್ತಿ: ಶುಲ್ಕ ಕಟ್ಟುವ ಮುನ್ನ ತಿಳಿಯಬೇಕಾದುದು

ಮಗುವಿನ ಒಂದು ವರ್ತನೆಗೆ ಮುಂಚೆ ಏನು ನಡೆಯಿತು, ಅನಂತರ ಏನು ದೊರೆಯಿತು ಎಂಬುದನ್ನು ದಾಖಲಿಸಿ, ಮಾತು, ಊಟ, ಉಡುಪಿನಂತಹ ಕೌಶಲಗಳನ್ನು ಸಣ್ಣ ಹಂತಗಳಲ್ಲಿ ಕಲಿಸುವ ವಿಧಾನವೇ ಅನ್ವಯಿಕ ವರ್ತನಾ ವಿಶ್ಲೇಷಣೆ, ಅಂದರೆ ಎಬಿಎ. ಆಟಿಸಂ ಇರುವ ಮಕ್ಕಳಿಗೆ ಇದನ್ನು ಹೆಚ್ಚಾಗಿ ಬಳಸುತ್ತಾರೆ. ಬೇರಿಕೆ, ಹೊಸೂರು ಭಾಗದ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೂ ಈ ವೃತ್ತಿ ಎಟುಕಬಲ್ಲದು. ದಾರಿ ಮಾತ್ರ ಅರಿತಿರಬೇಕು.

ಅಮೆರಿಕದಲ್ಲಿ 1998ರಲ್ಲಿ ಸ್ಥಾಪನೆಯಾದ ಬಿಎಸಿಬಿ ಮಂಡಳಿಯ ಪ್ರಮಾಣಪತ್ರಗಳು ಪ್ರಸಿದ್ಧವಾಗಿವೆ. ತಂತ್ರಜ್ಞರಿಗೆ 40 ಗಂಟೆಗಳ ತರಬೇತಿ, ವಿಶ್ಲೇಷಕರಿಗೆ ಸ್ನಾತಕೋತ್ತರ ಪದವಿ ಹಾಗೂ ಮೇಲ್ವಿಚಾರಣೆಯಲ್ಲಿ ಪಡೆದ ಅನುಭವ, ಇಬ್ಬರಿಗೂ ಪರೀಕ್ಷೆ ಅಗತ್ಯ. ಆದರೆ 2023ರಿಂದ ಆ ಮಂಡಳಿಯು ಭಾರತದ ನಿವಾಸಿಗಳಿಂದ ಹೊಸ ಅರ್ಜಿ ಸ್ವೀಕರಿಸುತ್ತಿಲ್ಲ. ಆದ್ದರಿಂದ, ಊರಿನಲ್ಲಿದ್ದೇ ಆ ಪ್ರಮಾಣಪತ್ರ ಕೊಡಿಸುತ್ತೇವೆಂಬ ಜಾಹೀರಾತನ್ನು ನಂಬಿ ಹಣ ಕಟ್ಟಬಾರದು.

ನಮ್ಮ ದೇಶದಲ್ಲಿ ವಿಶೇಷ ಶಿಕ್ಷಕರು, ಚಿಕಿತ್ಸಾ ಮನೋವಿಜ್ಞಾನಿಗಳು ಮೊದಲಾದವರ ನೋಂದಣಿಯು 1992ರ ಕಾಯ್ದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಆಗುತ್ತದೆ. ಅಲ್ಲಿ ಎಬಿಎಗೆ ಪ್ರತ್ಯೇಕ ವರ್ಗವಿಲ್ಲ. ಹಾಗಾಗಿ ಹನ್ನೆರಡನೆಯ ತರಗತಿಯ ಅನಂತರ, ಪರಿಷತ್ತು ಮಾನ್ಯ ಮಾಡಿದ ವಿಶೇಷ ಶಿಕ್ಷಣದ ಡಿಪ್ಲೊಮಾ ಅಥವಾ ಪದವಿ ಪಡೆದು ನೋಂದಾಯಿಸಿಕೊಳ್ಳುವುದು ಭದ್ರ ಬುನಾದಿ. ಎಬಿಎ ತರಬೇತಿ ಅದರ ಮೇಲಿನ ಅಂತಸ್ತು. ಚೆನ್ನೈ ಸಮೀಪದ ಮುಟ್ಟುಕಾಡಿನಲ್ಲಿರುವ, ಬಹು ಅಂಗವೈಕಲ್ಯವುಳ್ಳವರ ಸಬಲೀಕರಣದ ರಾಷ್ಟ್ರೀಯ ಸಂಸ್ಥೆಯು ಇಂತಹ ಶಿಕ್ಷಣ ನೀಡುತ್ತದೆ. ಯಾವ ಸಂಸ್ಥೆಗೇ ಸೇರಲಿ, ಆ ಕೋರ್ಸು ಪರಿಷತ್ತಿನ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಬೇಕು.

ಬಾಯಾರಿದ ಮಗು ಮನೆಯಲ್ಲಿ ಕೇಳಬೇಕಾದದ್ದು ‘ನೀರು’ ಎಂದೇ. ಆ ಮಾತನ್ನು ಕನ್ನಡದಲ್ಲಿ ಕಲಿಸಬಲ್ಲವರು ನಮ್ಮ ಶಾಲೆಗಳಿಂದಲೇ ಬರಬೇಕೆಂಬುದು ನಮ್ಮ ಆಶಯ.