ಏಳೂವರೆ ಜಿತಲ್‌ಗೆ ಒಂದು ಮಣ ಗೋಧಿ



ಅರ್ಥಶಾಸ್ತ್ರ ಎಂದೊಡನೆ ನಿಮ್ಮಲ್ಲಿ ಹಲವರ ಮುಖ ಬಾಡುತ್ತದೆ. ಬೇಡಿಕೆ, ಪೂರೈಕೆ, ಬೆಲೆ ಎಂಬ ಪದಗಳನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರುದಿನವೇ ಮರೆಯುತ್ತೀರಿ. ಒಮ್ಮೆ ತರಗತಿಯಲ್ಲಿ, "ಈರುಳ್ಳಿ ಬೆಲೆ ಏರಿದರೆ ಏನು ಮಾಡಬೇಕು?" ಎಂದು ಕೇಳಿದೆ. "ಇಷ್ಟಕ್ಕೇ ಮಾರಬೇಕು ಅಂತ ಸರ್ಕಾರ ಹೇಳಿಬಿಟ್ಟರೆ ಆಯ್ತು ಸರ್" ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ಉತ್ತರ ತಪ್ಪಲ್ಲ, ಆದರೆ ಅರ್ಧ ಮಾತ್ರ. ಉಳಿದ ಅರ್ಧವನ್ನು ತಿಳಿಯಲು ಏಳು ನೂರು ವರ್ಷಗಳ ಹಿಂದಿನ ದೆಹಲಿಗೆ ಹೋಗೋಣ, ಬನ್ನಿ.

ಅಲ್ಲಾವುದ್ದೀನ್ ಖಿಲ್ಜಿ 1296ರಿಂದ 1316ರವರೆಗೆ ದೆಹಲಿಯ ಸುಲ್ತಾನನಾಗಿದ್ದನು. 1303ರಲ್ಲಿ ಮಂಗೋಲರು ದೆಹಲಿಯ ಬಾಗಿಲಿಗೇ ಬಂದು ಮುತ್ತಿಗೆ ಹಾಕಿದಾಗ, ದೊಡ್ಡ ಸೈನ್ಯವಿಲ್ಲದೆ ರಾಜ್ಯ ಉಳಿಯದೆಂದು ಅವನಿಗೆ ಅರಿವಾಯಿತು. ಆದರೆ ಸಂಬಳಕ್ಕೆ ಹಣ? ಸವಾರನಿಗೆ ವರ್ಷಕ್ಕೆ 234 ಟಂಕ ಎಂದು ಗೊತ್ತುಪಡಿಸಲಾಯಿತು. ಅಷ್ಟರಲ್ಲಿ ಅವನ ಸಂಸಾರ ನಡೆಯಬೇಕಾದರೆ ಪೇಟೆಯ ಬೆಲೆಗಳು ಇಳಿಯಬೇಕಿತ್ತು.

ಬೆಲೆ ಏರಿದ್ದಾದರೂ ಏಕೆ? ದೇವಗಿರಿಯಿಂದ ತಂದ ಅಪಾರ ಸಂಪತ್ತನ್ನು ಅಲ್ಲಾವುದ್ದೀನನು ಪಟ್ಟಕ್ಕೇರುವಾಗ ಜನರಿಗೆ ಧಾರಾಳವಾಗಿ ಹಂಚಿದ್ದನು. ಮುಂದೆ 1311ರಲ್ಲಿ ಮಲಿಕ್ ಕಾಫೂರನು ನಮ್ಮ ಹೊಯ್ಸಳರ ದ್ವಾರಸಮುದ್ರದಿಂದ, ಅಂದರೆ ಇಂದಿನ ಹಳೇಬೀಡಿನಿಂದ, ತಂದ ಸಂಪತ್ತೂ ದೆಹಲಿಯನ್ನೇ ಸೇರಿತು. ಊರಿನಲ್ಲಿ ಚಿನ್ನ ಬೆಳ್ಳಿ ಹೆಚ್ಚಾಯಿತು, ಗೋಧಿ ಮಾತ್ರ ಇದ್ದಷ್ಟೇ ಇತ್ತು. ಕೈಯಲ್ಲಿ ಹಣ ಹೆಚ್ಚಿ ಸರಕು ಹೆಚ್ಚದಿದ್ದರೆ ಬೆಲೆ ಏರುತ್ತದೆ. ನಿಮ್ಮ ಪುಸ್ತಕದಲ್ಲಿ ಇದಕ್ಕೆ ಹಣದುಬ್ಬರ ಎನ್ನುತ್ತಾರೆ.

ಸುಲ್ತಾನನು ಗೊತ್ತುಪಡಿಸಿದ ದರಗಳನ್ನು ಇತಿಹಾಸಕಾರ ಜಿಯಾವುದ್ದೀನ್ ಬರನಿ ಬರೆದಿಟ್ಟಿದ್ದಾನೆ. ಒಂದು ಮಣ ಗೋಧಿಗೆ 7½ ಜಿತಲ್, ಬಾರ್ಲಿಗೆ 4, ಅಕ್ಕಿಗೆ 5, ಕಡಲೆಗೆ 5. ಒಂದು ಬೆಳ್ಳಿ ಟಂಕಕ್ಕೆ ಸುಮಾರು 48 ಜಿತಲ್‌ಗಳು. ಅಂದಿನ ಮಣ ಬ್ರಿಟಿಷರ ಕಾಲದ ಮಣದ ಅರ್ಧಕ್ಕೂ ಕಡಿಮೆ ತೂಗುತ್ತಿತ್ತು ಎಂಬುದು ನೆನಪಿರಲಿ.

ಹಿಂದಿನ ಬೆಂಚಿನ ಹುಡುಗನ ಉತ್ತರ ಇಲ್ಲಿಗೆ ಮುಗಿಯುತ್ತದೆ. ಅಲ್ಲಾವುದ್ದೀನನ ಕೆಲಸ ಇಲ್ಲಿಂದ ಶುರುವಾಗುತ್ತದೆ. ಆಜ್ಞೆ ಹೊರಡಿಸಿದ ಮಾತ್ರಕ್ಕೆ ಅಂಗಡಿಗೆ ಧಾನ್ಯ ಬರುವುದಿಲ್ಲ. ವರ್ತಕನು ಸರಕನ್ನು ಬಚ್ಚಿಟ್ಟು ಕೂರುತ್ತಾನೆ. ಆದ್ದರಿಂದ ಸುಲ್ತಾನನು ಗಂಗಾ ಯಮುನೆಗಳ ನಡುವಿನ ದೋಆಬ್ ಪ್ರದೇಶದ ಸರ್ಕಾರಿ ಹಳ್ಳಿಗಳ ಕಂದಾಯವನ್ನು ಧಾನ್ಯದ ರೂಪದಲ್ಲೇ ವಸೂಲು ಮಾಡಿಸಿ ದೆಹಲಿಯ ಕಣಜಗಳನ್ನು ತುಂಬಿಸಿದನು. ಧಾನ್ಯ ಸಾಗಿಸುವ ವ್ಯಾಪಾರಿಗಳನ್ನು ಒಬ್ಬರಿಗೊಬ್ಬರು ಜಾಮೀನು ಕೊಡುವಂತೆ ಕಟ್ಟಿಹಾಕಿ, ಹೆಂಡತಿ ಮಕ್ಕಳ ಸಮೇತ ಯಮುನೆಯ ದಡದ ಹಳ್ಳಿಗಳಲ್ಲಿ ನೆಲೆಗೊಳಿಸಿದನು. ಕಳ್ಳದಾಸ್ತಾನು ಸಿಕ್ಕರೆ ಸರಕು ಸರ್ಕಾರದ ಪಾಲು. ಮಳೆ ಕೈಕೊಟ್ಟ ವರ್ಷ ಕಣಜ ತೆರೆದು, ಮೊಹಲ್ಲಾದ ಅಂಗಡಿಗಳಿಗೆ ಜನಸಂಖ್ಯೆ ನೋಡಿ ದಿನದ ಧಾನ್ಯ ಕೊಡಲಾಗುತ್ತಿತ್ತು. ಪಡಿತರ ಪದ್ಧತಿ ಎಂದರೆ ಇದೇ ಅಲ್ಲವೇ?

ಮಂಡಿಯ ಮೇಲ್ವಿಚಾರಕನಿಗೆ ಶಹನಾ ಎಂದು ಹೆಸರು. ಬರಗಾಲದಲ್ಲಿ ಅರ್ಧ ಜಿತಲ್ ಏರಿಸೋಣವೇ ಎಂದು ಕೇಳಿದ ತಪ್ಪಿಗೆ ಅವನಿಗೇ ಏಟು ಬಿದ್ದವಂತೆ! ದಿನದ ಧಾರಣೆಯನ್ನು ಅವನಲ್ಲದೆ ಇನ್ನೂ ಇಬ್ಬರು ಬೇರೆ ಬೇರೆಯಾಗಿ ಸುಲ್ತಾನನಿಗೆ ವರದಿ ಮಾಡುತ್ತಿದ್ದರು. ಬಟ್ಟೆ, ಸಕ್ಕರೆ, ತುಪ್ಪಗಳಿಗೆ ಬೇರೆ ಪೇಟೆಯಿತ್ತು. ಅದರ ಹೆಸರು ಸರಾಯ್-ಎ-ಅದ್ಲ್, ಅಂದರೆ ನ್ಯಾಯದ ಛತ್ರ. ತೂಕ ಪರೀಕ್ಷಿಸಲು ಸುಲ್ತಾನನು ಚಿಕ್ಕ ಹುಡುಗರ ಕೈಗೆ ಕಾಸು ಕೊಟ್ಟು ರೊಟ್ಟಿ ಮುಂತಾದವನ್ನು ತರಿಸುತ್ತಿದ್ದನು. ಕಡಿಮೆ ತೂಗಿದ ಅಂಗಡಿಯವನ ಮೈಯಿಂದ ಅಷ್ಟೇ ತೂಕದ ಮಾಂಸ ಕತ್ತರಿಸುತ್ತಿದ್ದರೆಂದು ಬರನಿ ಹೇಳುತ್ತಾನೆ. (ದಲ್ಲಾಳಿಗಳಿಗೂ ಕಠಿಣ ಶಿಕ್ಷೆಯಿತ್ತು. ನಾವು ಕನ್ನಡದಲ್ಲಿ ದಿನನಿತ್ಯ ಬಳಸುವ ಈ ದಲ್ಲಾಳಿ ಅರಬ್ಬೀ ಮೂಲದ ಪದ.)

ಇದೆಲ್ಲವನ್ನೂ ಮಾಡಿದ್ದು ಯಾತಕ್ಕೆ? ಕಡಿಮೆ ಸಂಬಳದಲ್ಲಿ ಸೈನ್ಯ ಸಾಕಲು ಎಂಬುದು ಬರನಿಯ ಮಾತು. ಸೂಫಿ ಸಂತ ನಸೀರುದ್ದೀನ್ ಚಿರಾಗ್ ಅವರ ಮಾತುಗಳನ್ನು ಸಂಗ್ರಹಿಸಿರುವ ಖೈರುಲ್ ಮಜಾಲಿಸ್ ಗ್ರಂಥವಾದರೋ, ಪ್ರಜೆಗಳ ಹಿತಕ್ಕಾಗಿ ಎನ್ನುತ್ತದೆ. ನನಗೆ ಬರನಿಯ ಮಾತೇ ಹೆಚ್ಚು ಸರಿಯೆನಿಸುತ್ತದೆ. ಆದರೂ ದೆಹಲಿಯ ಬಡವನ ಹೊಟ್ಟೆ ತುಂಬಿದ್ದು ಸುಳ್ಳಲ್ಲ.

1316ರಲ್ಲಿ ಸುಲ್ತಾನ ತೀರಿಕೊಂಡನು. ಅವನ ಮಗ ಮುಬಾರಕ್ ಷಾ ಕಟ್ಟುಪಾಡುಗಳನ್ನು ಸಡಿಲಿಸಿದೊಡನೆ ಬೆಲೆಗಳೂ ಕೂಲಿಯೂ ಏರಿದವು. ಕಾವಲು ಇದ್ದಷ್ಟು ದಿನ ದರ ನಿಂತಿತ್ತು, ಅಷ್ಟೇ.

ಈ ಪಾಠ ಮುಗಿಸಿದ ದಿನ ಒಬ್ಬಳು ವಿದ್ಯಾರ್ಥಿನಿ ಎದ್ದು, "ಗೋಧಿ ಬೆಳೆದವನಿಗೆ ಏನು ಸಿಕ್ಕಿತು ಸರ್?" ಎಂದು ಕೇಳಿದಳು. ಆ ಪ್ರಶ್ನೆ ನನಗೆ ಬಹಳ ಮೆಚ್ಚಿಗೆಯಾಯಿತು. ದೋಆಬಿನ ರೈತನು ಬೆಳೆಯ ಅರ್ಧವನ್ನು ಕಂದಾಯವಾಗಿ ತೆರಬೇಕಿತ್ತು. ಮನೆಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕದ್ದನ್ನು ಗೊತ್ತಾದ ದರಕ್ಕೇ ಮಾರಬೇಕಿತ್ತು. ಪೇಟೆಯ ಅಗ್ಗದ ಭಾರ ಹೊಲದ ಮೇಲೆ ಬಿತ್ತು. 1965ರಲ್ಲಿ ಭಾರತ ಆಹಾರ ನಿಗಮ ಸ್ಥಾಪನೆಯಾದಾಗ ನಮ್ಮ ಸರ್ಕಾರವೂ ಕಣಜ ತುಂಬಲು ಹೊರಟಿತು. ಆದರೆ ಅದರ ಜೊತೆಯಲ್ಲೇ ರೈತನಿಗೆ ಬೆಂಬಲ ಬೆಲೆಯನ್ನೂ ಘೋಷಿಸತೊಡಗಿತು. ಆ ಬೆಲೆಗೂ ಪಡಿತರ ಅಂಗಡಿಯ ಬೆಲೆಗೂ ಇರುವ ಅಂತರವನ್ನು ಸರ್ಕಾರವೇ ತುಂಬಿಕೊಡುತ್ತದೆ. ಇದಕ್ಕೆ ಸಹಾಯಧನ ಎಂದು ಹೆಸರು. ಆ ಹಣ ಬರುವುದು ಎಲ್ಲಿಂದ? ಮುಂದಿನ ತರಗತಿಗೆ ಯೋಚಿಸಿಕೊಂಡು ಬರಲು ಆ ಹುಡುಗಿಗೂ ಹಿಂದಿನ ಬೆಂಚಿನ ಹುಡುಗನಿಗೂ ಹೇಳಿದ್ದೇನೆ.