ಅಕ್ಷರಪೂರ್ವ ಕಾಲದ ಸಾಕ್ಷಿ: ಹಳ್ಳೂರಿನ ಮಡಕೆ ಮತ್ತು ಇದ್ದಿಲು

ಧಾರವಾಡ ಸಮೀಪದ ಮುಗದದ ಶಾಸನವು ಯಾಪನೀಯ ಸಂಘದ ಕುಮುದಿ ಗಣವನ್ನು ಹೆಸರಿಸುತ್ತದೆ. ತನ್ನ ಕಾಲ 1045 ಎಂಬುದನ್ನು ತಾನೇ ತಿಳಿಸುತ್ತದೆ. ಅಕ್ಷರವಿಲ್ಲದ ಕಾಲದ ಜನಸಮುದಾಯಗಳಿಗೆ ಇಂಥ ಆಧಾರವಿಲ್ಲ. ಅವರು ಬಿಟ್ಟುಹೋದ ಮಡಕೆಚೂರು, ಇದ್ದಿಲುಗಳೇ ಅವರ ಶಾಸನಗಳು. ಅವಿಭಜಿತ ಧಾರವಾಡ ಜಿಲ್ಲೆಗೆ ಸೇರಿದ್ದ, ತುಂಗಭದ್ರೆಯ ದಡದ ಹಳ್ಳೂರು ಇದಕ್ಕೆ ನಿದರ್ಶನ.

1947ರಲ್ಲಿ ಬ್ರಹ್ಮಗಿರಿಯ ಉತ್ಖನನ ನಡೆಸಿದ ಮಾರ್ಟಿಮರ್ ವೀಲರ್, ಮಡಕೆಗಳ ಆಧಾರದಿಂದ ಸಂಸ್ಕೃತಿಗಳ ಅನುಕ್ರಮವನ್ನು ಗುರುತಿಸಿ, ಕಬ್ಬಿಣ ಬಳಸಿದ ಬೃಹತ್ ಶಿಲಾ ಸಂಸ್ಕೃತಿಯ ಆರಂಭವನ್ನು ಕ್ರಿ.ಪೂ. 200ರ ಸುಮಾರಿಗೆ ಇರಿಸಿದರು. ಆದರೆ ಮಡಕೆ ಹಿಂದುಮುಂದನ್ನು ತಿಳಿಸೀತು; ತಾನಾಗಿ ವರ್ಷವನ್ನು ತಿಳಿಸಲಾರದು. 1965ರಲ್ಲಿ ಎಂ.ಎಸ್. ನಾಗರಾಜರಾವ್ ಹಳ್ಳೂರಿನಲ್ಲಿ ಉತ್ಖನನ ನಡೆಸಿದರು. ಕಬ್ಬಿಣ ದೊರೆತ ಸ್ತರದ ಇದ್ದಿಲನ್ನು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ವಿಕಿರಣ ಇಂಗಾಲ ವಿಧಾನದಿಂದ ಪರೀಕ್ಷಿಸಲಾಯಿತು. ಸುಮಾರು 5730 ವರ್ಷಗಳಿಗೊಮ್ಮೆ ಅರ್ಧಕ್ಕಿಳಿಯುವ ಇಂಗಾಲ-14ರ ಉಳಿಕೆಯು ಕ್ರಿ.ಪೂ. 1000ದ ಆಸುಪಾಸನ್ನು ತೋರಿತು. ದಕ್ಷಿಣದ ಕಬ್ಬಿಣಯುಗ ಸುಮಾರು ಎಂಟು ಶತಮಾನ ಹಿಂದೆ ಸರಿಯಿತು.

ಆದರೆ ಆ ಜನ ಹೊಸಬರೋ ಹಳಬರೋ ಎಂಬುದನ್ನು ಇದ್ದಿಲು ಹೇಳದು. ಇಲ್ಲಿ ಮಡಕೆಯೇ ಮತ್ತೆ ಸಾಕ್ಷಿಯಾಗುತ್ತದೆ. ಬೋರಲಿಟ್ಟು ಸುಟ್ಟಾಗ ಗಾಳಿ ತಾಗದ ಒಳಮೈ, ಬಾಯಂಚು ಕಪ್ಪಾಗಿ ಹೊರಮೈ ಕೆಂಪಾಗುವುದೆಂದು ವಿವರಿಸಲಾಗುವ ಕಪ್ಪು-ಕೆಂಪು ಪಾತ್ರೆಗಳು ಹಳ್ಳೂರಿನ ಸಂಧಿಸ್ತರದಲ್ಲಿ ನವಶಿಲಾಯುಗದ ಪರಂಪರೆಯೊಡನೆಯೇ ಕಾಣಿಸಿಕೊಳ್ಳುತ್ತವೆ. ಹಳೆಯ ಜನ ಒಮ್ಮೆಲೇ ಅಳಿದು ಹೊಸಬರು ನೆಲೆಸಿದರೆಂಬ ಸರಳ ಕಥನಕ್ಕೆ ಈ ಸಹವಾಸ ಎಡೆಗೊಡದು. ಇದ್ದಿಲು ಕಾಲವನ್ನು, ಮಡಕೆ ಕೈಗಳ ಪರಂಪರೆಯನ್ನು ಹೇಳುತ್ತದೆ. ಎರಡನ್ನೂ ಕೂಡಿಸಿ ಓದಿದಾಗಲೇ ಹೆಸರಿಲ್ಲದ ಜನರ ಚರಿತ್ರೆ ರೂಪುಗೊಳ್ಳುತ್ತದೆ.